ಅಂಗವಿಕಲರೂ ಕಚೇರಿಯ ಮೆಟ್ಟಿಲುಗಳೂ

ಪ್ರತಿ ವರ್ಷ ಡಿಸೆಂಬರ 3ನೆಯ ತಾರೀಖು ಬಂದಿತೆಂದರೆ ನಮ್ಮ ಜಿಲ್ಲಾ ಸ್ಥಳಗಳಲ್ಲಿಯೂ ತಾಲೂಕು ಸ್ಥಳಗಳಲ್ಲಿಯೂ ಒಂದು ಸಮಾರಂಭ ನಡೆಯುವದು. ಸಂಯುಕ್ತ ರಾಷ್ಟ್ರಸಂಘವು 1992ರಲ್ಲಿ ಈ ದಿನವನ್ನು ಅಂಗವಿಕಲರ ದಿನವೆಂದು ಗೊತ್ತುಪಡಿಸಿದಂದಿನಿಂದ ಇದು ನಡೆದುಬಂದ ಪದ್ಧತಿ. ವೇದಿಕೆಯ ಮೇಲೆ ಶಾಸಕರೂ ಅಧಿಕಾರಿಗಳೂ ಕುಳಿತುಕೊಳ್ಳುವರು, ಕೆಳಗೆ ಫಲಾನುಭವಿಗಳು ಸಾಲಾಗಿ ಕಾದಿರುವರು, ತ್ರಿಚಕ್ರ ವಾಹನಗಳು, ಊರುಗೋಲುಗಳು, ಶ್ರವಣಯಂತ್ರಗಳು ಹಂಚಲ್ಪಡುವವು, ಛಾಯಾಚಿತ್ರಗಳು ತೆಗೆಯಲ್ಪಡುವವು. ಆ ಚಿತ್ರಗಳನ್ನು ಲಕ್ಷ್ಯಕೊಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಕೊಡುವವರು ವೇದಿಕೆಯಿಂದ ಇಳಿದು ಬರುವರೇ ಹೊರತು, ಪಡೆಯುವವರು ವೇದಿಕೆಯನ್ನು ಏರಿ ಹೋದದ್ದು ಅಪರೂಪ. ಮರುದಿನ ಅದೇ ವಾಹನದಲ್ಲಿ ಕುಳಿತು ಆ ಮನುಷ್ಯನು ತನ್ನ ಮಾಸಾಶನ ಏಕೆ ನಿಂತಿತೆಂದು ವಿಚಾರಿಸಲು ಕಚೇರಿಗೆ ಹೋದರೆ ಅಲ್ಲಿಯೂ ಮೆಟ್ಟಿಲುಗಳೇ. ವಾಹನವನ್ನು ಕೊಟ್ಟ ಸರಕಾರವೂ ಮೆಟ್ಟಿಲನ್ನು ಕಟ್ಟಿಸಿದ ಸರಕಾರವೂ ಒಂದೇ ಆಗಿರುವದು ಇಲ್ಲಿಯ ವೈಚಿತ್ರ್ಯ.

ಈ ಮೆಟ್ಟಿಲುಗಳ ವಿಷಯವಾಗಿಯೇ ನಾವು ಇಂದು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಚಿಕಿತ್ಸೆ, ಶಿಕ್ಷಣ, ನೌಕರಿ ಮೊದಲಾದ ಪ್ರಶ್ನೆಗಳು ದೊಡ್ಡವೇ ಸರಿ. ಆದರೆ ಆಸ್ಪತ್ರೆಯೂ ಶಾಲೆಯೂ ಕಚೇರಿಯೂ ಕಟ್ಟಡಗಳೇ ಆಗಿರುವದರಿಂದ, ಒಳಗೆ ಕಾಲಿಡುವ ಪ್ರಶ್ನೆ ತೀರದ ಹೊರತು ಮಿಕ್ಕವು ಬರಿಯ ಕಾಗದದ ಮೇಲಿನ ಮಾತುಗಳಾಗುವವು.

ಇದು ಕೆಲವೇ ಜನರಿಗೆ ಸಂಬಂಧಪಟ್ಟ ಅಲ್ಪ ವಿಷಯವೆಂದು ಭಾವಿಸುವವರು ಅಂಕಿಗಳನ್ನು ನೋಡಬೇಕು. 2011ರ ಜನಗಣತಿಯ ಮೇರೆಗೆ ಭಾರತದಲ್ಲಿಯ ಅಂಗವಿಕಲರು 2 ಕೋಟಿ 68 ಲಕ್ಷ. ನಮ್ಮ ಕರ್ನಾಟಕ ಒಂದರಲ್ಲಿಯೇ 13 ಲಕ್ಷ 24 ಸಾವಿರ. ಆ ಗಣತಿಯಲ್ಲಿ ವೈಕಲ್ಯವನ್ನು ಎಂಟು ಬಗೆಯಾಗಿ ಮಾತ್ರ ಕೇಳಲಾಗಿತ್ತು. ಮುಂದೆ 2016ರ ಕಾನೂನು ಇಪ್ಪತ್ತೊಂದು ಬಗೆಗಳನ್ನು ಅಂಗೀಕರಿಸಿತು. 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ನಡೆಯದೆ ಹೋದುದರಿಂದ ಹಳೆಯ ಅಂಕಿಗಳನ್ನೇ ಆಧರಿಸಿ ಕೆಲಸ ಸಾಗಿಸಬೇಕಾಯಿತು.

ಗಣತಿಯ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳುವದು ಅಪ್ರಸ್ತುತವಾಗಲಾರದು. 1872ರಿಂದ 1931ರ ವರೆಗೆ ಪರಕೀಯ ಸರಕಾರವು ಅಂಧರು, ಕಿವುಡರು ಮೊದಲಾದವರನ್ನು ಎಣಿಸುತ್ತ ಬಂದಿತ್ತು. 1941ರಲ್ಲಿ ಆ ಪ್ರಶ್ನೆಯನ್ನು ಕೈಬಿಡಲಾಯಿತು. ಸ್ವಾತಂತ್ರ್ಯ ಬಂದ ಬಳಿಕ 1951, 1961, 1971 ಈ ಮೂರೂ ಗಣತಿಗಳಲ್ಲಿ ನಮ್ಮದೇ ಸರಕಾರವು ಅದನ್ನು ಕೇಳಲಿಲ್ಲ. 1981ನೆಯ ವರ್ಷವು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವಾದುದರಿಂದ ಕೇಳಿತು; 1991ರಲ್ಲಿ ಪುನಃ ಬಿಟ್ಟಿತು; 2001ರಲ್ಲಿ ಪುನಃ ಸೇರಿಸಿತು. ಪರರ ಆಳಿಕೆಯಲ್ಲಿ ಎಣಿಕೆಗಾದರೂ ಬರುತ್ತಿದ್ದವರು ಸ್ವರಾಜ್ಯದಲ್ಲಿ ಎಣಿಕೆಯಿಂದಲೂ ಹೊರಗಾದರು. ಎಣಿಕೆಯಲ್ಲಿಯೇ ಇಲ್ಲದವನಿಗಾಗಿ ಬಾಗಿಲು ಎಷ್ಟು ಅಗಲವಿರಬೇಕೆಂದು ಯಾವ ಇಂಜಿನಿಯರನು ತಾನೇ ಯೋಚಿಸಿಯಾನು?

ಇನ್ನು ಕಾನೂನಿನ ಮಾತು. 1995ರ ಡಿಸೆಂಬರದಲ್ಲಿ ಪಾರ್ಲಿಮೆಂಟು ಅಂಗವಿಕಲರ ಹಕ್ಕುಗಳ ಮೊದಲನೆಯ ಕಾನೂನನ್ನು ಪಾಸುಮಾಡಿತು. ಜಾವೇದ್ ಅಬಿದಿಯವರೇ ಮೊದಲಾದ ಅಂಗವಿಕಲ ಕಾರ್ಯಕರ್ತರು ದಿಲ್ಲಿಯ ಬೀದಿಗಿಳಿದು ಒತ್ತಾಯಿಸಿದುದರ ಫಲವದು. ಕಟ್ಟಡಗಳಿಗೆ ಇಳಿಜಾರು, ರಸ್ತೆಗಳಿಗೆ ಧ್ವನಿಸೂಚನೆ ಎಲ್ಲವೂ ಅದರಲ್ಲಿ ಉಕ್ತವಾಗಿದ್ದವು. ಆದರೆ ಅವೆಲ್ಲವುಗಳ ಹಿಂದೆ ತಂತಮ್ಮ ಆರ್ಥಿಕ ಶಕ್ತಿಯ ಹಾಗೂ ಬೆಳವಣಿಗೆಯ ಮಿತಿಯೊಳಗೆ ಎಂಬ ಮಾತೊಂದನ್ನು ಸೇರಿಸಲಾಗಿತ್ತು. ಈ ಒಂದು ಮಾತಿನ ಸಂದಿಯಿಂದ ಇಡೀ ಕಾನೂನೇ ಸೋರಿಹೋಯಿತು. ಯಾವ ಪುರಸಭೆಯ ಬೊಕ್ಕಸವಾದರೂ ಎಂದಾದರೂ ತುಂಬಿತ್ತೆ?

ಭಾರತವು 2007ರಲ್ಲಿ ಸಂಯುಕ್ತ ರಾಷ್ಟ್ರಸಂಘದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಅದಕ್ಕನುಸಾರವಾಗಿ 2016ರ ಹೊಸ ಕಾನೂನು ಬಂದಿತು. ಕಟ್ಟಡಗಳ ವಿಷಯದಲ್ಲಿ ಈ ಕಾನೂನು ಹಳೆಯದರಂತೆ ಮೆದುವಾದುದಲ್ಲ. ಅದರ 44ನೆಯ ಕಲಮಿನಂತೆ, ನಿಯಮಕ್ಕೆ ಹೊಂದದ ನಕಾಶೆಗೆ ಕಟ್ಟುವ ಅನುಮತಿಯನ್ನು ಕೊಡಕೂಡದು. ನಿಯಮದಂತೆ ಕಟ್ಟದ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರವನ್ನಾಗಲಿ, ಪ್ರವೇಶದ ಪರವಾನಗಿಯನ್ನಾಗಲಿ ಕೊಡಕೂಡದು. 45ನೆಯ ಕಲಮಿನಂತೆ, ಈಗಾಗಲೇ ಇರುವ ಎಲ್ಲ ಸಾರ್ವಜನಿಕ ಕಟ್ಟಡಗಳನ್ನೂ ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳೊಳಗೆ ಸರಿಪಡಿಸತಕ್ಕದ್ದು. ನಿಯಮಗಳು ಪ್ರಕಟವಾದದ್ದು 2017ರ ಜೂನದಲ್ಲಿ. ಗಡುವು ಮುಗಿದದ್ದು 2022ರ ಜೂನದಲ್ಲಿ. ಕಾನೂನನ್ನು ಮೀರಿದವರಿಗೆ ಮೊದಲ ಸಲ 10 ಸಾವಿರ ರೂಪಾಯಿಯ ವರೆಗೆ, ಮತ್ತೆ ಮೀರಿದರೆ 50 ಸಾವಿರಕ್ಕೆ ಕಡಿಮೆಯಿಲ್ಲದಂತೆ 5 ಲಕ್ಷದ ವರೆಗೆ ದಂಡವೆಂದೂ ಬರೆದಿದೆ. ವಾಚಕರು ತಮ್ಮ ತಮ್ಮ ಊರಿನ ಕಚೇರಿಗಳನ್ನು ಒಮ್ಮೆ ನೆನಪಿಗೆ ತಂದುಕೊಂಡು, ಈ ದಂಡವು ಯಾರ ಮೇಲಾದರೂ ಬಿದ್ದುದನ್ನು ಕೇಳಿದ್ದಾರೆಯೇ ಎಂದು ತಮ್ಮಷ್ಟಕ್ಕೆ ವಿಚಾರಿಸಿಕೊಳ್ಳಲಿ.

2015ರ ಡಿಸೆಂಬರ 3ರಂದು 'ಸುಗಮ್ಯ ಭಾರತ' ಎಂಬ ದೊಡ್ಡ ಆಂದೋಲನವೂ ಆರಂಭವಾಯಿತು. ಅದರ ಗಡುವುಗಳು ಒಂದಕ್ಕಿಂತ ಹೆಚ್ಚು ಸಾರಿ ಮುಂದೆ ಹೋದವು. ಅದರ ವಿವರಕ್ಕೆ ನಾವು ಹೋಗುವದಿಲ್ಲ. ಅದಕ್ಕಿಂತ ಮುಖ್ಯವಾದುದು 2024ರ ನವೆಂಬರ 8ರಂದು ಸುಪ್ರೀಮ್ ಕೋರ್ಟು ರಾಜೀವ್ ರಾತುರಿಯವರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು. ದೃಷ್ಟಿಹೀನರಾದ ರಾತುರಿಯವರು ರಸ್ತೆ, ವಾಹನ, ಕಟ್ಟಡಗಳು ತಮ್ಮಂಥವರಿಗೂ ದೊರಕಬೇಕೆಂದು ಬೇಡಿದ್ದರು. ಕಾನೂನು ಮಾಡಲೇಬೇಕು ಎಂದು ಹೇಳಿದರೆ, ಅದರ ಕೆಳಗೆ ಸರಕಾರವು ರಚಿಸಿದ 15ನೆಯ ನಿಯಮವು ಮಾಡಿದರೆ ಒಳ್ಳೆಯದು ಎಂಬ ಬಗೆಯ ಸಲಹೆಗಳ ಕಟ್ಟನ್ನು ಮುಂದಿಟ್ಟಿದೆ. ಆದುದರಿಂದ ಆ ನಿಯಮವು ಮೂಲ ಕಾನೂನಿಗೇ ವಿರುದ್ಧವೆಂದು ನ್ಯಾಯಾಲಯವು ನಿರ್ಣಯಿಸಿತು. ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳೊಳಗೆ ರಚಿಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ತೀರ್ಪಿನ ಸಾರವನ್ನು ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವದಾದರೆ, ಸಾಲದ ಪತ್ರದಲ್ಲಿ ಕೊಡತಕ್ಕದ್ದು ಎಂದು ಬರೆದು, ರಸೀದಿಯಲ್ಲಿ ಮನಸ್ಸಿದ್ದರೆ ಕೊಡುವೆನು ಎಂದು ಬರೆದಂತಾಗಿತ್ತು.

ಇಳಿಜಾರುಗಳೇ ಇಲ್ಲವೆಂದು ನಾವು ಹೇಳುವದಿಲ್ಲ. ಬಹಳ ಕಡೆಗಳಲ್ಲಿ ಇವೆ. ಇದ್ದೂ ಇಲ್ಲದಂತಿವೆ ಎಂಬದೇ ನಮ್ಮ ದೂರು. ಇದಕ್ಕೆ ದೊಡ್ಡ ಶಾಸ್ತ್ರ ಬೇಕಿಲ್ಲ. ಮ್ಯಾಟ್ರಿಕ್ಕಿನ ವರೆಗಿನ ನಮ್ಮ ಗಣಿತವೇ ಸಾಕು. ಗಾಲಿಕುರ್ಚಿಯು ಏರಬೇಕಾದರೆ ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲವಾದರೂ ಉದ್ದವಿರಬೇಕೆಂದು ಸರಕಾರದ ಮಾನದಂಡವೇ ಹೇಳುವದು. ಆರಾರು ಅಂಗುಲದ ಐದು ಮೆಟ್ಟಿಲುಗಳಿರುವ ಕಚೇರಿಯನ್ನು ತೆಗೆದುಕೊಳ್ಳಿರಿ. ಎತ್ತರ ಎರಡೂವರೆ ಅಡಿ. ಇಳಿಜಾರಿನ ಉದ್ದ ಮೂವತ್ತು ಅಡಿಯಾಗಬೇಕು. ತಿರುವಿನಲ್ಲಿ ನಿಂತು ಉಸಿರು ಬಿಡಲು ಸಮತಟ್ಟಾದ ಸ್ಥಳವೂ, ಎರಡೂ ಬದಿಗೆ ಹಿಡಿದುಕೊಳ್ಳುವ ಸರಳುಗಳೂ ಬೇಕು. ನಾವು ಕಾಣುವದೇನು? ಮೆಟ್ಟಿಲುಗಳ ಪಕ್ಕಕ್ಕೆ ಒಂದು ಬುಟ್ಟಿ ಕಾಂಕ್ರೀಟು ಸುರಿದಂತೆ ಹತ್ತು ಅಡಿಯ ಒಂದು ಜಾರುಬಂಡೆ. ನಾಲ್ಕು ಅಡಿಗೆ ಒಂದು ಅಡಿ ಏರುವ ಆ ದಾರಿಯಲ್ಲಿ ಗಾಲಿಕುರ್ಚಿಯವನು ಏರಲಾರನು, ಹಿಂದಿನಿಂದ ಒಬ್ಬನು ತಳ್ಳಿದರೂ ಕಷ್ಟ, ಇಳಿಯುವಾಗಲಂತೂ ಅಪಾಯ. ಊರುಗೋಲಿನವನಿಗೆ ಅದಕ್ಕಿಂತ ಮೆಟ್ಟಿಲೇ ಲೇಸು. ಮೇಲೆ ನುಣುಪಾದ ಗ್ರಾನೈಟು ಹಾಸಿದ್ದರೆ ಮಳೆಗಾಲದಲ್ಲಿ ಎರಡು ಕಾಲು ಗಟ್ಟಿಯಿದ್ದವನೂ ಅಲ್ಲಿ ನಿಲ್ಲಲಾರನು. ಆದರೂ ಗುತ್ತಿಗೆದಾರನ ಬಿಲ್ಲಿನಲ್ಲಿ 'ಇಳಿಜಾರು 1' ಎಂದು ದಾಖಲಾಗುವದು. ಅಧಿಕಾರಿಯ ವರದಿಯಲ್ಲಿ 'ಇದೆ' ಎಂಬಲ್ಲಿ ಗುರುತು ಬೀಳುವದು. ಮೇಲಿನ ಕಚೇರಿಯಲ್ಲಿ ಆ ಗುರುತುಗಳನ್ನು ಕೂಡಿಸಿ ಇಷ್ಟು ಸಾವಿರ ಕಟ್ಟಡಗಳು ಸುಗಮವಾದವೆಂದು ಪ್ರಕಟಿಸಲಾಗುವದು.

ಅಳತೆ ಸರಿಯಾಗಿದ್ದಲ್ಲಿಯೂ ಬೇರೆ ವಿಘ್ನಗಳುಂಟು. ಇಳಿಜಾರಿನ ಕೆಳಗೆ ಮೋಟಾರ ಸೈಕಲ್ಲುಗಳು. ಮೇಲ್ತುದಿಗೆ ಹೂವಿನ ಕುಂಡ. ಅದನ್ನು ದಾಟಿದರೆ ಎರಡು ಅಂಗುಲ ಎತ್ತರದ ಹೊಸ್ತಿಲು. ಅಂಗವಿಕಲರ ಶೌಚಾಲಯವೆಂದು ಫಲಕವಿದ್ದ ಕೋಣೆಗೆ ಬೀಗ. ಒಳಗೆ ಹಳೆಯ ಕಡತಗಳೂ ಪೊರಕೆಗಳೂ. ಈ ಕಾರಣಕ್ಕಾಗಿಯೇ ಕಚೇರಿಗೆ ಬರುವ ದಿನ ಬೆಳಗಿನಿಂದ ನೀರನ್ನೇ ಕುಡಿಯದೆ ಬರುವ ಹೆಣ್ಣುಮಕ್ಕಳಿದ್ದಾರೆ. ಗೂಡ್ಸ್ ಶೆಡ್ಡಿಗೆ, ಅಡತಿಯ ಗೋದಾಮಿಗೆ ನಮ್ಮ ಜನ ಎಷ್ಟು ಚೆನ್ನಾಗಿ ಇಳಿಜಾರು ಕಟ್ಟಬಲ್ಲರೆಂಬದನ್ನು ನೋಡಿದವರಿಗೆ, ವಿದ್ಯೆ ಇಲ್ಲವೆಂಬ ನೆಪ ಒಪ್ಪಿಗೆಯಾಗದು. ಹತ್ತಿಯ ಅಂಡಿಗೆಯು ಉರುಳಿ ಒಳಗೆ ಹೋಗಬಲ್ಲದು. ಅದನ್ನು ಬೆಳೆದವನು ಕಾಲು ಕಳೆದುಕೊಂಡರೆ ಹೊರಗೆ ನಿಲ್ಲಬೇಕು.

ಅಂಧರ ಅವಸ್ಥೆಯನ್ನು ನೋಡಿರಿ. ಕಾಲಿಗೆ ತಗಲಿ ದಾರಿ ತೋರಿಸುವ ಉಬ್ಬುಗೆರೆಯ ಹಳದಿ ಬಿಲ್ಲೆಗಳನ್ನು ಜಪಾನಿನ ಸೇಯಿಚಿ ಮಿಯಾಕೆ ಎಂಬವರು 1965ರಲ್ಲಿ ಕಲ್ಪಿಸಿದರು. 1967ರಲ್ಲಿ ಒಕಾಯಾಮಾ ಪಟ್ಟಣದ ಒಂದು ರಸ್ತೆಯಲ್ಲಿ ಅವುಗಳನ್ನು ಮೊದಲು ಹಾಸಲಾಯಿತು. ಉದ್ದಗೆರೆಯೆಂದರೆ ಮುಂದೆ ನಡೆ, ಬೊಟ್ಟುಗಳೆಂದರೆ ನಿಲ್ಲು. ಆ ಬಿಲ್ಲೆಗಳು ನಮ್ಮ ನಗರಗಳಿಗೂ ಬಂದಿವೆ. ಆದರೆ ಅವು ಏಕೆ ಇವೆಯೆಂದು ಹಾಸುವವನಿಗೆ ಯಾರೂ ಹೇಳಲಿಲ್ಲವೆಂದು ತೋರುತ್ತದೆ. ಅಂದಕ್ಕೆ ಹಾಸಿದಂತೆ ಹಾಸಿದ ಗೆರೆಗಳು ಕೆಲವೆಡೆಗೆ ನೇರವಾಗಿ ವಿದ್ಯುತ್ತಿನ ಕಂಬಕ್ಕೆ, ಕೆಲವೆಡೆಗೆ ತೆರೆದ ಗಟಾರಕ್ಕೆ ಕರೆದೊಯ್ಯುವವು. ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟೂ ಇದೆ, ಬಿಲ್ಲೆಗಳೂ ಇವೆ. ನಿಲ್ದಾಣದ ಬಾಗಿಲು ದಾಟಿ ಫುಟ್‌ಪಾತಿಗೆ ಬಂದೊಡನೆ ಅದೇ ಹಳೆಯ ಕರ್ನಾಟಕ. ಒಳ್ಳೆಯ ಉದಾಹರಣೆಯೊಂದನ್ನು ಹೇಳದಿದ್ದರೆ ಅನ್ಯಾಯವಾದೀತು. 2023ರಲ್ಲಿ ಮೈಸೂರಿನ ನಗರ ಬಸ್ಸುಗಳಲ್ಲಿ 'ಧ್ವನಿ ಸ್ಪಂದನ' ಎಂಬ ಏರ್ಪಾಡನ್ನು ಮಾಡಲಾಯಿತು. ಅಂಧ ಪ್ರಯಾಣಿಕನು ಕೈಯಲ್ಲಿಯ ಸಣ್ಣ ಯಂತ್ರದ ಗುಂಡಿಯನ್ನು ಒತ್ತಿದರೆ, ಬಂದು ನಿಂತ ಬಸ್ಸು ತನ್ನ ನಂಬರನ್ನು ತಾನೇ ಕೂಗಿ ಹೇಳುವದು. ಯಾರನ್ನೂ ಕೇಳದೆ, ಯಾರ ತೋಳನ್ನೂ ಹಿಡಿಯದೆ ಅವನು ತನ್ನ ಬಸ್ಸನ್ನು ಹತ್ತಬಹುದು. ಮೈಸೂರಿನಲ್ಲಿ ಆಗುವದು ಹುಬ್ಬಳ್ಳಿ, ಕಲಬುರಗಿಗಳಲ್ಲಿ ಏಕೆ ಆಗಬಾರದು?

ನಮ್ಮದು ಬಡ ದೇಶ, ಇನ್ನೂ ಮುಂದೆ ಬರುತ್ತಿರುವ ದೇಶ. ಇಂಥ ಸೌಕರ್ಯಗಳು ಐಶ್ವರ್ಯವಂತ ರಾಷ್ಟ್ರಗಳಿಗೆ ಸೈ, ನಮಗಲ್ಲ ಎಂದು ಹೇಳುವ ಸಂಭಾವಿತರನ್ನು ನಾವು ಅನೇಕ ಸಲ ಸಂಧಿಸಿದ್ದೇವೆ. ಅವರ ಮಾತಿನಲ್ಲಿ ಕಪಟವಿಲ್ಲ. ಆದರೆ ಲೆಕ್ಕ ತಪ್ಪಿದೆ. ನಕಾಶೆಯಲ್ಲಿಯೇ ಬರೆದು ಕಟ್ಟಿದ ಇಳಿಜಾರಿಗೆ ತಗಲುವ ವೆಚ್ಚವು ಇಡೀ ಕಟ್ಟಡದ ವೆಚ್ಚದ ಮುಂದೆ ತೀರ ಅಲ್ಪ. ಕಟ್ಟಿಮುಗಿದ ಮೇಲೆ ಒಡೆದು ಮಾಡಿದರೆ ಮಾತ್ರ ಹೆಚ್ಚು. ಅದಿರಲಿ, ಇಳಿಜಾರು ಇಲ್ಲದಾಗ ವೆಚ್ಚವಾದರೂ ಉಳಿಯುವದೇ? ತಂದೆಯನ್ನು ಹೊತ್ತು ಕಚೇರಿಯ ಮಾಳಿಗೆ ಹತ್ತಿಸಲು ಮಗನು ಆ ದಿನದ ಕೂಲಿಯನ್ನು ಬಿಡುವನು. ಬಸ್ಸು ಹತ್ತಲಾರದ್ದಕ್ಕೆ ಹೋಗುತ್ತ ಬರುತ್ತ ರಿಕ್ಷಾ ಬಾಡಿಗೆ. ಸಾಹೇಬರು ಇಲ್ಲದಿದ್ದರೆ ನಾಳೆ ಮತ್ತೆ ಅಷ್ಟೇ. ಸರಕಾರದ ಖಾತೆಯಲ್ಲಿ ಕಾಣಿಸದ ಈ ಹಣವು ಊರಿನಲ್ಲಿಯೇ ಎಲ್ಲರಿಗಿಂತ ಬಡವರಾದವರ ಮನೆಯಿಂದ ಹೋಗುವದು.

ಮನಸ್ಸು ಮಾಡಿದರೆ ಈ ಬಡ ದೇಶವು ಎಷ್ಟು ತ್ವರೆಯಿಂದ ಕೆಲಸ ಮಾಡಬಲ್ಲದೆಂಬುದಕ್ಕೆ ಎರಡು ದೃಷ್ಟಾಂತಗಳಿವೆ. 2001ರ ಜನವರಿಯಲ್ಲಿ ಜಗತ್ಪ್ರಸಿದ್ಧ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರು ದಿಲ್ಲಿಗೆ ಬಂದರು. ಗಾಲಿಕುರ್ಚಿಯ ಆ ಅತಿಥಿಗಳು ಕುತುಬ್ ಮಿನಾರ ಮೊದಲಾದ ಪ್ರಾಚೀನ ಸ್ಮಾರಕಗಳನ್ನು ನೋಡಬಯಸಿದಾಗ, ಅಬಿದಿಯವರು ಪಟ್ಟುಹಿಡಿದುದರಿಂದ ಕಟ್ಟಿಗೆಯ ತಾತ್ಕಾಲಿಕ ಇಳಿಜಾರುಗಳು ಕೂಡಲೆ ಸಿದ್ಧವಾದವು. ಎರಡನೆಯದು ಚುನಾವಣೆಯದು. 2004ರ ಲೋಕಸಭಾ ಚುನಾವಣೆಯ ನಡುವೆ ಸುಪ್ರೀಮ್ ಕೋರ್ಟು ಮತಗಟ್ಟೆಗಳಿಗೆ ಇಳಿಜಾರು ಮಾಡಬೇಕೆಂದು ಆಜ್ಞೆಮಾಡಿತು. ಅಂದಿನಿಂದ ಇದು ಚುನಾವಣೆಯ ವ್ಯವಸ್ಥೆಯ ಒಂದು ಅಂಗವೇ ಆಗಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ಶೇಕಡಾ 40ಕ್ಕೂ ಹೆಚ್ಚಿನ ವೈಕಲ್ಯವುಳ್ಳವರ ಮನೆಗೇ ಹೋಗಿ ಮತ ಪಡೆಯುವ ಅನುಕೂಲವನ್ನೂ ಕಲ್ಪಿಸಲಾಯಿತು. ಅತ್ಯಂತ ಸ್ತುತ್ಯವಾದ ಕಾರ್ಯ. ಆದರೆ ಮತ ಬೇಕಾದಾಗ ಮನೆಯ ವರೆಗೆ ಬರಬಲ್ಲ ಸರಕಾರಕ್ಕೆ, ಮತ ಹಾಕಿದವನು ಅಹವಾಲು ಹಿಡಿದು ತನ್ನಲ್ಲಿಗೆ ಬಂದಾಗ ಬಾಗಿಲ ವರೆಗೂ ಬರಲಾಗದೇ?

ಮಾಳಿಗೆಯ ಕಚೇರಿಗಳದು ಪ್ರತ್ಯೇಕ ಕಥೆ. ಸಬ್ ರಜಿಸ್ಟ್ರಾರ ಕಚೇರಿಗಳು ಅನೇಕ ಊರುಗಳಲ್ಲಿ ಬಾಡಿಗೆಯ ಕಟ್ಟಡಗಳ ಮೇಲ್ಮಾಳಿಗೆಯಲ್ಲಿರುವದು ಸರ್ವರಿಗೂ ಗೊತ್ತು. 2023ರ ಅಕ್ಟೋಬರದಲ್ಲಿ ಮುಂಬಯಿಯ ಒಂದು ವಿವಾಹ ನೋಂದಣಿ ಕಚೇರಿಯಲ್ಲಿ ನಡೆದುದನ್ನು ದೇಶವೆಲ್ಲ ಓದಿತು. ಕಚೇರಿಯು ಎರಡನೆಯ ಮಾಳಿಗೆಯಲ್ಲಿ, ಲಿಫ್ಟು ಇಲ್ಲ, ಅಧಿಕಾರಿಗಳು ಕೆಳಗಿಳಿದು ಬರಲೊಲ್ಲರು. ಗಾಲಿಕುರ್ಚಿಯ ವಧುವನ್ನು ಮದುವೆಯ ದಿನ ಕೈಮೇಲೆ ಹೊತ್ತು ಏರಿಸಬೇಕಾಯಿತು. ಅಲ್ಲಿಯ ಉಪಮುಖ್ಯಮಂತ್ರಿಗಳು ಬಳಿಕ ವಿಷಾದ ವ್ಯಕ್ತಪಡಿಸಿದರು. ದಸ್ತಾವೇಜುಗಳ ನೋಂದಣಿಯ ಮಟ್ಟಿಗೆ 1908ರ ಕಾನೂನಿನಲ್ಲಿಯೇ ಇದಕ್ಕೆ ಉಪಾಯ ಹೇಳಿದೆ. ದೇಹದ ಅಶಕ್ತಿಯಿಂದ ಕಚೇರಿಗೆ ಬರಲಾರದವರು ಬರಬೇಕಾದ ಅಗತ್ಯವಿಲ್ಲ. ಅಧಿಕಾರಿಯು ತಾನೇ ಅವರ ಮನೆಗೆ ಹೋಗಬೇಕು, ಇಲ್ಲವೆ ಕಮಿಷನ್ ಕಳಿಸಬೇಕು ಎಂದು ಅದರ 38ನೆಯ ಕಲಮು. ನೂರು ವರ್ಷಗಳಿಗೂ ಹಿಂದಿನ, ಪರಕೀಯರು ಬರೆದ ಈ ಕಲಮನ್ನು ಅದೇ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ ಹಚ್ಚಬೇಕೆಂದು ನಾವು ಸೂಚಿಸುತ್ತೇವೆ. ಗೋಡೆಯೆಂದರೆ ಕೆಳಗಿನ ಗೋಡೆ, ಮಾಳಿಗೆಯದಲ್ಲ.

ಹೆಸರುಗಳ ವಿಷಯದಲ್ಲಿ ಮಾತ್ರ ನಮ್ಮ ಸರಕಾರಗಳು ಬಹು ಉದಾರವಾಗಿವೆ. ಅಂಗವಿಕಲ ಎಂಬ ಶಬ್ದವು ಒರಟೆಂದು 'ವಿಕಲಚೇತನ' ಎಂದು ಕರ್ನಾಟಕದಲ್ಲಿ ಕರೆದರು. ಅಂಗವು ವಿಕಲವಾದವನ ಚೇತನವನ್ನೇ ವಿಕಲವೆಂದಂತಾಯಿತೆಂದು ಅಲ್ಪಸ್ವಲ್ಪ ಸಂಸ್ಕೃತ ಬಲ್ಲವರಿಗೂ ತೋರದಿರದು. 2015ರಲ್ಲಿ ದಿಲ್ಲಿಯಿಂದ 'ದಿವ್ಯಾಂಗ' ಎಂಬ ಶಬ್ದ ಬಂದಿತು. ದಿವ್ಯತ್ವವನ್ನು ಅಂಗವಿಕಲರು ಕೇಳಿದವರಲ್ಲ, ಬಾಗಿಲನ್ನು ಕೇಳಿದವರು. ಜನಕರಾಜನ ಸಭೆಗೆ ಅಷ್ಟಾವಕ್ರ ಮುನಿಯು ಬಂದಾಗ ಅವನ ದೇಹವನ್ನು ಕಂಡು ಸಭಾಸದರು ನಕ್ಕರೆಂದು ಕಥೆಯುಂಟು. ನಮ್ಮ ಸಭೆಗಳಲ್ಲಿ ಹಾಗೆ ಯಾರೂ ನಗಲಾರರು, ಏಕೆಂದರೆ ಅಷ್ಟಾವಕ್ರನು ಸಭೆಯ ವರೆಗೆ ಬಂದು ಮುಟ್ಟುವದೇ ಇಲ್ಲ. ದೇವರ ಕೃಪೆಯಾದರೆ ಹೆಳವನೂ ಬೆಟ್ಟವನ್ನು ದಾಟಿಯಾನೆಂದು ನಾವೆಲ್ಲ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ತಹಶೀಲ್ದಾರ ಕಚೇರಿಯ ಐದು ಮೆಟ್ಟಿಲುಗಳನ್ನು ದಾಟಲು ಯಾರ ಕೃಪೆಗಾಗಿ ಕಾಯಬೇಕು?

ಅವಕಾಶ ಸಿಕ್ಕಲ್ಲಿ ಇಂಥವರು ನಾಡಿಗೆ ಏನು ಕೊಟ್ಟರೆಂಬದು ಕನ್ನಡಿಗರಿಗೆ ಹೊಸತಾಗಿ ಹೇಳಬೇಕಾದ ಮಾತಲ್ಲ. ಗದುಗಿನ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರು. ಹಾನಗಲ್ಲ ಕುಮಾರಸ್ವಾಮಿಗಳು ಬಾಲಕರಾಗಿದ್ದ ಪಂಚಾಕ್ಷರಿಗಳಿಗೆ ಕನಿಕರದ ಕಾಸು ಕೊಟ್ಟು ಕಳಿಸಲಿಲ್ಲ. ಸಂಗೀತವನ್ನು ಕಲಿಯುವ ದಾರಿ ಮಾಡಿಕೊಟ್ಟರು. 1944ರಲ್ಲಿ ಗುರುಗಳು ತೀರಿದ ಬಳಿಕ 2010ರ ವರೆಗೆ ಪುಟ್ಟರಾಜರು ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಅಂಧ ಅನಾಥ ಮಕ್ಕಳಿಗೆ ಅದೇ ದಾರಿಯನ್ನು ತೆರೆದರೆಂಬದು ಉತ್ತರ ಕರ್ನಾಟಕದ ಮನೆಮನೆಗೆ ಗೊತ್ತು. ಆ ಮಕ್ಕಳು ಹಾಡಲು ಹೋಗುವ ಊರುಗಳಲ್ಲಿ ಬಸ್ಸು ನಿಲ್ದಾಣಗಳು ಹೇಗಿವೆ, ರಂಗಮಂದಿರಗಳ ಮೆಟ್ಟಿಲುಗಳು ಹೇಗಿವೆ ಎಂದು ಅಲ್ಲಿಯ ಜನ ಒಮ್ಮೆ ನೋಡಬೇಕು.

ಇನ್ನು ಆಗಬೇಕಾದುದು. ಹೊಸ ಕಾನೂನನ್ನಾಗಲಿ ಹೊಸ ಸಮಿತಿಯನ್ನಾಗಲಿ ನಾವು ಕೇಳುವದಿಲ್ಲ. ನಗರಸಭೆ ಪುರಸಭೆಗಳ ಇಂಜಿನಿಯರರು 44ನೆಯ ಕಲಮಿನ ಅಧಿಕಾರವನ್ನು ಒಂದು ವರ್ಷ ಚಾಚೂ ತಪ್ಪದೆ ನಡೆಸಲಿ. ಇಳಿಜಾರಿನ ಅಳತೆ ತಪ್ಪಿದ ಒಂದೇ ಒಂದು ಕಲ್ಯಾಣಮಂಟಪಕ್ಕೋ ಸಹಕಾರಿ ಬ್ಯಾಂಕಿಗೋ ಪ್ರಮಾಣಪತ್ರವನ್ನು ನಿರಾಕರಿಸಿದರೆ ಸಾಕು, ಊರಿನ ಗುತ್ತಿಗೆದಾರರೆಲ್ಲ ಹನ್ನೆರಡಕ್ಕೆ ಒಂದರ ಲೆಕ್ಕವನ್ನು ಮರುದಿನವೇ ಕಲಿಯುವರು. ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಅಂಗವಿಕಲರಿಗಾಗಿ ತೆಗೆದಿಡಬೇಕಾದ ಶೇಕಡಾ 5ರ ಹಣದಲ್ಲಿ ತ್ರಿಚಕ್ರಗಳನ್ನು ಕೊಳ್ಳುವದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ತಮ್ಮ ಕಚೇರಿಯನ್ನು ಸರಿಪಡಿಸುವ ವೆಚ್ಚವನ್ನು ಆ ಹಣದಿಂದ ತೆಗೆಯುವದಕ್ಕೆ ಆಕ್ಷೇಪವಿದೆ. ಅದು ಕಟ್ಟಡದ ವೆಚ್ಚ. ಕಟ್ಟಡದ ಲೆಕ್ಕಕ್ಕೇ ಸೇರಬೇಕು. ಕೆಲಸ ಮುಗಿಯಿತೆಂಬ ದಾಖಲೆಯ ಮೇಲೆ ಇಂಜಿನಿಯರನ ಸಹಿಯ ಜೊತೆಗೆ, ಆ ದಾರಿಯಲ್ಲಿ ತಾನೇ ಏರಿ ಇಳಿದು ನೋಡಿದ ಊರಿನ ಒಬ್ಬ ಅಂಗವಿಕಲನ ಸಹಿಯೂ ಇರಬೇಕೆಂದು ಸಭೆಗಳು ಠರಾವು ಮಾಡಲಿ. ಇದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ.

ವಾಚಕರಿಂದಲೂ ಒಂದು ಸಹಾಯವನ್ನು ಕೋರುತ್ತೇವೆ. ತಮ್ಮ ಊರಿನ ತಾಲೂಕು ಕಚೇರಿ, ಪಂಚಾಯತಿ, ಸರಕಾರಿ ದವಾಖಾನೆ, ಶಾಲೆ ಇವುಗಳಲ್ಲಿ ಯಾವುದಾದರೊಂದಕ್ಕೆ ಹೋಗಿ ಮೂರು ಅಳತೆಗಳನ್ನು ತೆಗೆದು ನಮಗೆ ಬರೆದು ತಿಳಿಸಬೇಕು: ನೆಲದಿಂದ ಬಾಗಿಲಿನ ಹೊಸ್ತಿಲ ವರೆಗಿನ ಎತ್ತರ, ಇಳಿಜಾರಿನ ಉದ್ದ, ಬಾಗಿಲಿನ ಅಗಲ. ಅಂಗುಲಗಳಲ್ಲಿ ಬರೆದರೂ ಸರಿ, ಸೆಂಟಿಮೀಟರುಗಳಲ್ಲಿ ಬರೆದರೂ ಸರಿ. ಅಳೆದ ತಾರೀಖೂ ಕಚೇರಿಯ ಹೆಸರೂ ಸ್ಪಷ್ಟವಾಗಿರಲಿ. ಬರೆದವರ ಹೆಸರನ್ನು ಅವರ ಇಚ್ಛೆಯಿದ್ದರೆ ಗುಪ್ತವಾಗಿಡುವೆವು. ಬಂದ ಅಳತೆಗಳನ್ನು ತಾಲೂಕುವಾರು ಇದೇ ಪುಟದಲ್ಲಿ ಪ್ರಕಟಿಸಿ, ಅದರ ಒಂದೊಂದು ಪ್ರತಿಯನ್ನು ಆಯಾ ಕಚೇರಿಗೆ ಕಳಿಸುವೆವು. ಇಳಿಜಾರಿನ ಮೇಲೆ ಮೋಟಾರ ಸೈಕಲ್ಲು ನಿಂತಿದ್ದರೆ ಅದನ್ನೂ, ಶೌಚಾಲಯಕ್ಕೆ ಬೀಗವಿದ್ದರೆ ಕೀಲಿಕೈ ಯಾರ ಹತ್ತಿರವಿದೆಯೆಂಬದನ್ನೂ ಬರೆಯಲು ಮರೆಯಬಾರದು.